ಹಳ್ಳ ದಾಟಿದರೆ ಬೇರೆ ದೇಶ

ಗದಗಿನಿಂದ ಕೊಪ್ಪಳದ ಕಡೆಗೆ ಬಸ್ಸಿನಲ್ಲಿ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಬನ್ನಿಕೊಪ್ಪ ಹತ್ತಿರವಾಗುವಾಗ ಎಂದಾದರೂ ಕಿಟಕಿಯಿಂದ ಹೊರಗೆ ನೋಡಿದ್ದೀರಾ? ನೋಡುವಂಥದ್ದು ಅಲ್ಲಿ ಏನೂ ಇಲ್ಲ. ಎರಡೂ ಕಡೆ ಅದೇ ಕರಿ ಎರೆಭೂಮಿ, ಅದೇ ಜೋಳ, ಅದೇ ಕಡಲೆ, ಬದುವಿನ ಮೇಲೆ ಅದೇ ಜಾಲಿ ಗಿಡ. ಒಂದು ಜಿಲ್ಲೆ ಮುಗಿದು ಇನ್ನೊಂದು ಜಿಲ್ಲೆ ಶುರುವಾಯಿತೆಂದು ಹೇಳುವ ಹಲಗೆ ಬಂದು ಹಿಂದೆ ಹೋಗುತ್ತದೆ. ಡ್ರೈವರ್ ವೇಗ ಕೂಡ ತಗ್ಗಿಸುವುದಿಲ್ಲ. ನಾವು ಬುತ್ತಿ ಬಿಚ್ಚಿಕೊಂಡೋ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೋ ಕುಳಿತಿರುತ್ತೇವೆ.

ಆದರೆ 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ, ಹದಿಮೂರು ತಿಂಗಳು ಮತ್ತು ಎರಡು ದಿನ, ಇದು ಎರಡು ದೇಶಗಳ ಗಡಿಯಾಗಿತ್ತು. ಆ ಕಡೆ ಸ್ವತಂತ್ರ ಭಾರತ, ಈ ಕಡೆ ನಿಜಾಮರ ಹೈದರಾಬಾದು. ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಸಮಾಜ ಪಾಠ ಹೇಳುತ್ತ ಬಂದವಳು. ಭಾರತದ ನಕಾಶೆಯಲ್ಲಿ ಪಾಕಿಸ್ತಾನದ ಗಡಿ, ಚೀನದ ಗಡಿ ತೋರಿಸಿ ಕೋಲು ಕೆಳಗಿಡುತ್ತಿದ್ದೆ. ನಮ್ಮ ಯಲಬುರ್ಗಿಯ ಹೊಲದ ನಡುವೆಯೂ ಅಂಥ ಒಂದು ಗೆರೆ ಇತ್ತೆಂದು ಪಾಠದಲ್ಲಿ ಇರಲಿಲ್ಲ. ಇದ್ದದ್ದು ನಮ್ಮ ಅಮ್ಮನ ಬಾಯಲ್ಲಿ.

ಅಮ್ಮ ಅಂದರೆ ನಮ್ಮ ಕಡೆ ಅಜ್ಜಿ. ಹೆತ್ತವಳು ಅವ್ವ. ನಾನು ಹೇಳುತ್ತಿರುವುದು ಅವ್ವನ ತಾಯಿಯ ಮಾತು. ಅಮ್ಮನ ತವರು ಗಜೇಂದ್ರಗಡದ ಹತ್ತಿರದ ಒಂದು ಹಳ್ಳಿ. ಆಗ ಅದು ಧಾರವಾಡ ಜಿಲ್ಲೆಯ ರೋಣ ತಾಲೂಕು, ಮುಂಬಯಿ ಪ್ರಾಂತ. ಕೊಟ್ಟ ಮನೆ ಯಲಬುರ್ಗಿ ತಾಲೂಕಿನ ಒಂದು ಹಳ್ಳಿ, ರಾಯಚೂರು ಜಿಲ್ಲೆ, ನಿಜಾಮರ ರಾಜ್ಯ. ಎರಡರ ನಡುವೆ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ, ಮತ್ತು ಬೇಸಿಗೆಯಲ್ಲಿ ಬತ್ತಿ ಹೋಗುವ ಒಂದು ಹಳ್ಳ. "ಹಳ್ಳ ದಾಟಿದ್ರ ಬ್ಯಾರೆ ದೇಶ ಆಗಿತ್ತವಾ ತಂಗಿ" ಎಂದು ಅಮ್ಮ ಹೇಳುವಾಗ ನಾವು ಮಕ್ಕಳು ನಗುತ್ತಿದ್ದೆವು. ಅಮ್ಮ ಮಾತ್ರ ನಗುತ್ತಿರಲಿಲ್ಲ.

ಈ ಗೆರೆ ಅಲ್ಲಿ ಬಂದದ್ದಾದರೂ ಹೇಗೆ? ಅದನ್ನು ಎಳೆದವರು ನಮ್ಮವರಲ್ಲ, ನಮ್ಮ ಊರು ನೋಡಿದವರೂ ಅಲ್ಲ. ಟಿಪ್ಪು ಸುಲ್ತಾನನೊಡನೆ ನಡೆದ ಯುದ್ಧಗಳಲ್ಲಿ ಇಂಗ್ಲಿಷರ ಜೊತೆಗಿದ್ದ ನಿಜಾಮನ ಪಾಲಿಗೆ ಕೊಪ್ಪಳದ ಸೀಮೆ ಬಂತು. ತುಂಗಭದ್ರೆಯ ಆಚೆಗಿನ ಬಳ್ಳಾರಿ ಸೀಮೆಯನ್ನು ನಿಜಾಮ 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅದು ಮದ್ರಾಸಿಗೆ ಸೇರಿತು. ಗದಗ, ಧಾರವಾಡದ ಕಡೆಯ ನೆಲ ಪೇಶ್ವೆಯ ಕೈಯಲ್ಲಿತ್ತು. 1818ರಲ್ಲಿ ಪೇಶ್ವೆ ಸೋತಾಗ ಅದು ಇಂಗ್ಲಿಷರದಾಗಿ ಮುಂದೆ ಮುಂಬಯಿಗೆ ಹೋಯಿತು. ಹೀಗೆ ಕನ್ನಡ ಮಾತಾಡುವ ಒಂದೇ ಬಯಲು ಮೂರು ಪಾಲಾಯಿತು. ಹೊಸಪೇಟೆಯವರು ಮದ್ರಾಸಿನವರು, ಗದಗಿನವರು ಮುಂಬಯಿಯವರು, ನಡುವಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಯವರು ಹೈದರಾಬಾದಿನವರು. ಅದರಲ್ಲೂ ಕೊಪ್ಪಳ ಮತ್ತು ಯಲಬುರ್ಗಿ ಸಾಲಾರ್ ಜಂಗ್ ಮನೆತನದ ಜಾಗೀರಿನಲ್ಲಿದ್ದವು. ಹೈದರಾಬಾದಿನ ವಸ್ತುಸಂಗ್ರಹಾಲಯಕ್ಕೆ ಹೋದಾಗ ಬೆಳ್ಳಿ ಬಂಗಾರ, ಗಡಿಯಾರಗಳನ್ನು ಬೆರಗಿನಿಂದ ನೋಡುತ್ತೇವಲ್ಲ, ಅದೇ ಸಾಲಾರ್ ಜಂಗ್. ನಮ್ಮ ಹೊಲದ ತೆರಿಗೆ ಹೋಗಿ ಸೇರುತ್ತಿದ್ದದ್ದು ಆ ಮನೆಗೆ.

ಗೆರೆಯನ್ನು ಯಾರೂ ದಾಟಲಿಲ್ಲವೆಂದಲ್ಲ. 1858ರಲ್ಲಿ ಮುಂಡರಗಿಯ ಭೀಮರಾಯ ಇಂಗ್ಲಿಷರ ಮೇಲೆ ಎದ್ದಾಗ ಗಡಿ ದಾಟಿ ಬಂದು ಕೊಪ್ಪಳದ ಕೋಟೆ ಹಿಡಿದ. ಹಮ್ಮಿಗೆಯ ಕೆಂಚನಗೌಡ ಜೊತೆಗಿದ್ದ. ಇಂಗ್ಲಿಷರ ದಂಡು ಕೋಟೆಯನ್ನು ಮುತ್ತಿ ಗೆದ್ದಿತು, ಭೀಮರಾಯ ಅಲ್ಲಿಯೇ ಮಡಿದ. ಮುಂಡರಗಿಯ ಹೆಸರು ಈ ಕಥೆಯಲ್ಲಿ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಗಂಡಸರ ಇತಿಹಾಸ ಕೋಟೆಯಲ್ಲಿ ನಡೆದರೆ ಹೆಂಗಸರ ಇತಿಹಾಸ ಅಡುಗೆಮನೆಯಲ್ಲಿ, ಪೆಟ್ಟಿಗೆಯಲ್ಲಿ ನಡೆಯುತ್ತದೆ. ಗಡಿಯನ್ನು ಅಮ್ಮ ಮೊದಲು ಕಂಡದ್ದು ರೊಕ್ಕದಲ್ಲಿ. ತವರಿನಲ್ಲಿ ನಡೆಯುತ್ತಿದ್ದದ್ದು ಕಲ್ದಾರ್ ರೂಪಾಯಿ, ಗಂಡನ ಮನೆಯಲ್ಲಿ ಹಾಲಿ ರೂಪಾಯಿ. ಆರು ಕಲ್ದಾರಿಗೆ ಏಳು ಹಾಲಿ. ಅಣ್ಣ ಹಬ್ಬಕ್ಕೆ ಕೈಯಲ್ಲಿಟ್ಟ ರೊಕ್ಕವನ್ನು ಅತ್ತೆಯ ಕೈಗೆ ಕೊಡುವಾಗ ಅದು ಸ್ವಲ್ಪ ದೊಡ್ಡದಾಗುತ್ತಿತ್ತು. ಅತ್ತೆ ಕೊಟ್ಟದ್ದು ತವರಿಗೆ ಹೋಗುವಾಗ ಸಣ್ಣದಾಗುತ್ತಿತ್ತು. ಶಾಲೆಯ ಮುಖ ಕಾಣದ ಅಮ್ಮನಿಗೆ ಏಳರ ಮಗ್ಗಿ, ಆರರ ಮಗ್ಗಿ ಬಾಯಿಪಾಠವಾದದ್ದು ಹೀಗೆ.

ಎರಡನೆಯದು ಸೀರೆ. ಇಳಕಲ್ಲು ಕುಷ್ಟಗಿಗೆ ಮಗ್ಗುಲಲ್ಲೇ ಇದೆ. ಆದರೆ ಆಗ ಅದು ಬಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ. ಮದುವೆಯ ಸೀರೆ ಇಳಕಲ್ಲಿನದೇ ಆಗಬೇಕು. ಅದು ಕುಷ್ಟಗಿಗೆ ಬರಬೇಕಾದರೆ ಕರೋಡಗಿರಿ ನಾಕಾ ದಾಟಬೇಕು. ಕರೋಡಗಿರಿ ಅಂದರೆ ನಿಜಾಮರ ಸುಂಕದ ಇಲಾಖೆ. ಹೈದರಾಬಾದಿಗೆ ತನ್ನದೇ ಸುಂಕ, ತನ್ನದೇ ಅಂಚೆ, ತನ್ನದೇ ನಾಣ್ಯ ಇದ್ದವು. ಹೊಸ ಸೀರೆಗೆ ಸುಂಕ, ಉಟ್ಟ ಸೀರೆಗೆ ಇಲ್ಲ. ಹೀಗಾಗಿ ಮದುವೆ ದಿಬ್ಬಣದ ಹೆಂಗಸರು ಹಳ್ಳದ ಆಚೆಯೇ ಹೊಸ ಸೀರೆಯನ್ನು ಹಳೆಯದರ ಮೇಲೆ ಸುತ್ತಿಕೊಂಡು, ಬೇಸಿಗೆಯ ಬಿಸಿಲಲ್ಲಿ ಬೆವರು ಸುರಿಸುತ್ತ ನಾಕಾ ದಾಟುತ್ತಿದ್ದರಂತೆ. "ನಾಕಾದಾಗಿನ ಮಂದಿಗೆ ಗೊತ್ತಿರಲಿಲ್ಲೇನು? ಗೊತ್ತಿತ್ತು. ಅವರಿಗೂ ಅಕ್ಕ ತಂಗೇರು ಇದ್ರು" ಎನ್ನುತ್ತಿದ್ದಳು ಅಮ್ಮ. ಗಡಿಯೆಂದರೆ ಆಗ ಅಷ್ಟೇ. ಸ್ವಲ್ಪ ಸುಳ್ಳು, ಸ್ವಲ್ಪ ಚಿಲ್ಲರೆ, ಸ್ವಲ್ಪ ನಗು.

ಮೂರನೆಯದು ಮಾತು. ಮನೆಮಾತು ಎರಡೂ ಕಡೆ ಕನ್ನಡವೇ. ಆದರೆ ಕಚೇರಿಯ ಕಾಗದ ಆ ಕಡೆ ಕನ್ನಡ, ಮರಾಠಿ, ಇಂಗ್ಲಿಷು. ಈ ಕಡೆ ಉರ್ದು. ಆ ಕಡೆ ತಲಾಟಿ, ಈ ಕಡೆ ಪಟವಾರಿ. ಅಮ್ಮನ ಗಂಡ, ಅಂದರೆ ನಮ್ಮ ಮುತ್ಯಾ, ಮೂರು ಇಯತ್ತೆ ಕಲಿತದ್ದು ಉರ್ದುವಿನಲ್ಲಿ. ಕನ್ನಡ ಅಕ್ಷರವನ್ನು ಅವರು ತಮ್ಮ ಮಕ್ಕಳ ಪಾಟಿಯಿಂದ ಕಲಿತರು.

ಇನ್ನು 1947. ಬ್ರಿಟಿಷರು ಹೊರಟು ನಿಂತಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಜೂನ್ 11ರಂದು ಒಂದು ಫರ್ಮಾನು ಹೊರಡಿಸಿ, ತಾವು ಭಾರತಕ್ಕಾಗಲಿ ಪಾಕಿಸ್ತಾನಕ್ಕಾಗಲಿ ಸೇರುವುದಿಲ್ಲ, ಆಗಸ್ಟ್ 15ರಿಂದ ಸ್ವತಂತ್ರ ಅರಸು ಎಂದು ಸಾರಿದರು. ಅದು ಸಣ್ಣ ರಾಜ್ಯವಲ್ಲ. ಎಂಬತ್ತೆರಡು ಸಾವಿರ ಚದರ ಮೈಲು, 1941ರ ಜನಗಣತಿಯಂತೆ 1 ಕೋಟಿ 63 ಲಕ್ಷ ಜನ. ತೆಲುಗು, ಮರಾಠಿ, ಕನ್ನಡ, ಮೂರು ಭಾಷೆಯವರು ಅದರೊಳಗೆ. ರಾಯಚೂರು, ಗುಲಬರ್ಗಾ, ಬೀದರ ಕನ್ನಡದ ಜಿಲ್ಲೆಗಳು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಭಾರತಕ್ಕೆ ಸೇರಬೇಕೆಂದು ಕರೆ ಕೊಟ್ಟರು, ಜೈಲಿಗೆ ಹೋದರು. ಆಗಸ್ಟ್ 15ರ ದಿನ ಅಮ್ಮನ ತವರಿನಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದರು. ಹಳ್ಳದ ಈಚೆ ಮೂರು ಬಣ್ಣದ ಬಟ್ಟೆ ಹಿಡಿದರೆ ಪೊಲೀಸರು ಬರುತ್ತಿದ್ದರು. ನವೆಂಬರ್ 29ರಂದು ಎರಡು ಸರಕಾರಗಳ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಕಾಗದದ ಮೇಲಿನ ಯಥಾಸ್ಥಿತಿ ನೆಲದ ಮೇಲೆ ಇರಲಿಲ್ಲ.

ಆ ವರ್ಷ ನಮ್ಮ ಸೀಮೆ ಎಂಥ ವಿಚಿತ್ರದಲ್ಲಿತ್ತು ನೋಡಿ. ಗದಗಿನಲ್ಲಿ ರೈಲು ಹತ್ತಿದವರು ಭಾರತದಲ್ಲಿ ಹತ್ತಿ, ಬನ್ನಿಕೊಪ್ಪ, ಭಾನಾಪುರ, ಕೊಪ್ಪಳ, ಗಿಣಿಗೇರಾ, ಮುನಿರಾಬಾದ್ ಎಂದು ಪರದೇಶ ದಾಟಿ, ಹೊಸಪೇಟೆಯಲ್ಲಿ ಮತ್ತೆ ಭಾರತಕ್ಕೆ ಇಳಿಯುತ್ತಿದ್ದರು. ಗಂಗಾವತಿ ಕಡೆಯ ಆನೆಗೊಂದಿ ಒಂದು ದೇಶ, ಹೊಳೆಯಾಚೆಯ ಹಂಪಿ ಇನ್ನೊಂದು ದೇಶ; ಒಂದೇ ವಿಜಯನಗರದ ಎರಡು ದಂಡೆ. ಎರಡನ್ನೂ ಜೋಡಿಸುತ್ತಿದ್ದದ್ದು ಹರಿಗೋಲು. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಎರಡು ಅಡಿಗಲ್ಲು ಹಾಕಿದ್ದರು. ಎಡದಂಡೆಯಲ್ಲಿ ನಿಜಾಮರ ಹಿರಿಯ ಮಗ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್. ಒಂದೇ ಗೋಡೆಯನ್ನು ಎರಡು ಸರಕಾರಗಳು ಎರಡು ಕಡೆಯಿಂದ ಕಟ್ಟುತ್ತಿದ್ದವು. 1947ರ ನಂತರ ಅದು ಎರಡು ದೇಶಗಳ ನಡುವಿನ ಅಣೆಕಟ್ಟಾಯಿತು.

ರಜಾಕಾರರ ಹೆಸರು ನೀವು ಕೇಳಿದ್ದೀರಿ. ಕಾಸಿಂ ರಜ್ವಿ ಎಂಬ ಲಾತೂರಿನ ವಕೀಲ ಅವರ ನಾಯಕ. ನಿಜಾಮರ ರಾಜ್ಯವನ್ನು ಉಳಿಸುತ್ತೇವೆಂದು ಹೊರಟ ಖಾಸಗಿ ದಂಡು ಅದು. ಊರು ನುಗ್ಗಿ ಸುಲಿಯುವುದು, ಮನೆ ಸುಡುವುದು, ಕೊಲ್ಲುವುದು ನಡೆಯಿತು. ಎದುರು ಮಾತಾಡಿದ ಮುಸಲ್ಮಾನರನ್ನೂ ಬಿಡಲಿಲ್ಲ. ಹೈದರಾಬಾದಿನಲ್ಲಿ ಭಾರತದ ಪರವಾಗಿ ಬರೆದ ಪತ್ರಕರ್ತ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಕೊಂದರು. ನಮ್ಮ ಸೀಮೆಯ ಜನ ಮಕ್ಕಳು ಮರಿ ಕಟ್ಟಿಕೊಂಡು ಗಡಿಯಾಚೆ ಓಡಿದರು. ಗಜೇಂದ್ರಗಡ, ಮುಂಡರಗಿ, ಗದಗ, ಹೊಸಪೇಟೆ ತುಂಬಿದವು. ಅಲ್ಲಿಯೇ ತರುಣರ ಶಿಬಿರಗಳೂ ಎದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳು. ರಾತ್ರಿ ಗಡಿ ದಾಟಿ ಬಂದು ನಾಕಾಗಳನ್ನು, ಪೊಲೀಸ್ ಠಾಣೆಗಳನ್ನು ಮುತ್ತುವುದು, ಬೆಳಗಾಗುವುದರೊಳಗೆ ಹಿಂದಿರುಗುವುದು ಅವರ ಕೆಲಸ. ಅವರಿಗೆ ರೊಟ್ಟಿ ಬಡಿದು ಕೊಟ್ಟ ಹೆಂಗಸರ ಹೆಸರು ಎಲ್ಲಿಯೂ ಬರೆದಿಲ್ಲ. ಅಮ್ಮನ ತವರಿನಲ್ಲಿ ದಿನಕ್ಕೆ ಒಂದು ಬುಟ್ಟಿ ರೊಟ್ಟಿ ಶಿಬಿರಕ್ಕೆ ಹೋಗುತ್ತಿತ್ತು.

1948ರ ಬೇಸಿಗೆಗೆ ಭಾರತ ಸರಕಾರ ಹೈದರಾಬಾದಿಗೆ ಹೋಗುವ ಸಾಮಾನುಗಳನ್ನು ತಡೆಯಿತು. ನಮ್ಮ ಊರಿನಲ್ಲಿ ಮೊದಲು ಮುಗಿದದ್ದು ಚಿಮಣಿ ಎಣ್ಣೆ, ಆಮೇಲೆ ಉಪ್ಪು, ಆಮೇಲೆ ಅರಿವೆ. ಅದೇ ಜೂನಿನಲ್ಲಿ, ಸಾವಿರಾರು ಮೈಲಿ ದೂರದ ಬರ್ಲಿನ್ ಪಟ್ಟಣಕ್ಕೂ ದಾರಿಗಳನ್ನೆಲ್ಲ ಮುಚ್ಚಿದ್ದರು. ಅಲ್ಲಿಯ ಹೆಂಗಸರಿಗೆ ವಿಮಾನದಲ್ಲಿ ಹಿಟ್ಟು ಬಂತು ಎಂದು ಪುಸ್ತಕಗಳಲ್ಲಿದೆ. ಹೈದರಾಬಾದಿಗೂ ರಾತ್ರಿ ವಿಮಾನಗಳು ಬರುತ್ತಿದ್ದವು, ಕರಾಚಿಯಿಂದ. ಅವುಗಳಲ್ಲಿದ್ದದ್ದು ಉಪ್ಪಲ್ಲ, ಬಂದೂಕು. ಯಲಬುರ್ಗಿಯ ಹೆಂಗಸರು ಉಪ್ಪಿಲ್ಲದ ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕಿ ಉಣಬಡಿಸಿದರು.

ಆಗ ಅಮ್ಮ ಚೊಚ್ಚಲ ಬಸುರಿ. ಏಳು ತಿಂಗಳು. ಕುಬಸ ಮಾಡಿ ತವರಿಗೆ ಕಳಿಸಬೇಕು. ಕರೆಯಲು ಅಣ್ಣ ಬರಬೇಕು. ಆದರೆ ಆ ಕಡೆಯಿಂದ ಹರೆಯದ ಗಂಡಸು ಬಂದರೆ ಶಿಬಿರದವನೆಂದು ಹಿಡಿಯುತ್ತಾರೆ. ಈ ಕಡೆಯಿಂದ ಮುತ್ಯಾ ಬಿಡಲು ಹೋದರೆ ಶಿಬಿರಕ್ಕೆ ಸೇರಲು ಹೊರಟವನೆಂದು ಹಿಡಿಯುತ್ತಾರೆ. ಅಮ್ಮನ ಮಾವನವರು ಎರಡು ದಿನ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿ, ಮೂರನೆಯ ದಿನ ಓಣಿಯ ಪಿಂಜಾರನನ್ನು ಕರೆಸಿದರು.

ಪಿಂಜಾರರು ಅರಳೆ ಹಿಂಜುವವರು, ಗಾದಿ ಹೊಲಿಯುವವರು. ಮುಸಲ್ಮಾನರು, ಆದರೆ ಮನೆಯಲ್ಲಿ ಆಡುವುದು ಕನ್ನಡ. ನಮ್ಮ ಮನೆಯ ಮಗ್ಗುಲಲ್ಲೇ ಅವನ ಮನೆ. ನಡುವೆ ಒಂದೇ ಗೋಡೆ. ಮನೆಯಲ್ಲಿದ್ದ ಬಂಗಾರವನ್ನೂ ಅಮ್ಮನ ಜೊತೆಗೇ ಆಚೆ ಕಳಿಸಬೇಕೆಂದು ಮಾವನವರು ನಿಶ್ಚಯಿಸಿದ್ದರು. ಹಗೇವಿನಲ್ಲಿ ಹುಗಿದಿಟ್ಟರೆ ಹಗೇವನ್ನೇ ಅಗೆಯುವ ಕಾಲ. ಪಿಂಜಾರ ಒಂದು ಹೊಸ ಗಾದಿ ಹೊಲಿದ. ಬಾಣಂತಿಯ ಗಾದಿ. ಅದರ ಅರಳೆಯ ನಡುವೆ ಬೋರಮಾಳ, ಟೀಕಿ, ಪಾಟ್ಲಿ, ಬಿಲ್ವರ, ಅಮ್ಮನದು, ಅತ್ತೆಯದು, ನೆಗೆಣ್ಣಿಯದು, ಒಂದೊಂದನ್ನೂ ಬೇರೆ ಬೇರೆ ಅರಿವೆಯಲ್ಲಿ ಸುತ್ತಿ ಇಟ್ಟ. ಏನೇನು ಎಲ್ಲಿ ಇದೆ ಎಂದು ಗೊತ್ತಿದ್ದವನು ಅವನೊಬ್ಬನೇ.

ಕಾರಹುಣ್ಣಿಮೆಯ ಮಾರನೆಯ ದಿನ ಹೊರಟರು. ಎತ್ತಿನ ಕೋಡಿಗೆ ಹಚ್ಚಿದ ಬಣ್ಣ ಇನ್ನೂ ಹೋಗಿರಲಿಲ್ಲ. ಚಕ್ಕಡಿ ಹೊಡೆಯುವವನು ಪಿಂಜಾರ, ಗಾದಿಯ ಮೇಲೆ ಅಮ್ಮ, ಜೊತೆಗೆ ಪಿಂಜಾರನ ಹೆಂಡತಿ. ನಾಕಾದಲ್ಲಿ ತಡೆದರು. ಹೊಸ ಮಂದಿ, ಸೀರೆಯ ಕಾಲದ ಹಳೆಯವರಲ್ಲ. ಜೋಳ ಕದ್ದು ಒಯ್ಯುತ್ತೀರಾ ಎಂದು ಒಬ್ಬ ಕೋಲಿನಿಂದ ಗಾದಿಯನ್ನು ತಿವಿದ. ಅಮ್ಮನ ಹಣೆಯ ಕುಂಕುಮ ನೋಡಿ ಇವಳು ನಿನಗೆ ಏನಾಗಬೇಕೆಂದು ಉರ್ದುವಿನಲ್ಲಿ ಕೇಳಿದ. ಪಿಂಜಾರನಿಗೆ ಉರ್ದು ಅಷ್ಟಕ್ಕಷ್ಟೇ. ಕನ್ನಡದಲ್ಲೇ ಅಂದನಂತೆ, "ಓಣಿ ಮಗಳು ಅಂದ್ರ ಮಗಳ ರೀ ಸಾಹೇಬ್ರ. ಏಳು ತಿಂಗಳಾಗ್ಯಾವ. ಬಿಸಲಾಗ ನಿಂದ್ರಸಬ್ಯಾಡ್ರಿ." ಅವನ ಹೆಂಡತಿ ಕೆಳಗಿಳಿದು, ಗಾದಿಯನ್ನು ಬಿಚ್ಚಬೇಕೆಂದರೆ ಮೊದಲು ಬಸುರಿಯನ್ನು ನೆಲಕ್ಕಿಳಿಸಲು ನಿನ್ನ ತಾಯಿಯನ್ನು ಕರೆದು ತಾ ಎಂದು ಬೈದಳು. ಬಿಟ್ಟರು. ಹಳ್ಳದ ಆಚೆ ಬೇವಿನ ಗಿಡದ ಕೆಳಗೆ ಅಣ್ಣ ನಿಂತಿದ್ದ. ಗಾದಿ ಬಿಚ್ಚಿದಾಗ ಒಂದು ಗುಂಜಿಯೂ ಕಡಿಮೆ ಇರಲಿಲ್ಲ. ಗಂಡ ಹೆಂಡತಿ ಒಂದು ಮಗಿ ನೀರು ಕುಡಿದು, ಅಣ್ಣ ಕೊಟ್ಟ ಎರಡು ಸೇರು ಉಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಅದೇ ದಾರಿಯಲ್ಲಿ ಹಿಂದಿರುಗಿದರು.

ಶ್ರಾವಣದಲ್ಲಿ ನಮ್ಮ ಅವ್ವ ಹುಟ್ಟಿದಳು. ಸರ್ವಧಾರಿ ಸಂವತ್ಸರ. ಅವಳು ತಿಂಗಳ ಕೂಸಾಗಿದ್ದಾಗ, ಗಣಪತಿ ಹಬ್ಬ ಮುಗಿದ ವಾರದಲ್ಲಿ, ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಎಲ್ಲ ದಿಕ್ಕಿನಿಂದ ಹೈದರಾಬಾದಿನೊಳಗೆ ಬಂತು. ಮುಖ್ಯ ದಂಡನ್ನು ನಡೆಸಿದವರು ಮೇಜರ್ ಜನರಲ್ ಜೆ. ಎನ್. ಚೌಧರಿ. ಹೈದರಾಬಾದಿನ ದೂರು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂದದ್ದು ಸೆಪ್ಟೆಂಬರ್ 16ರಂದು. ಮಾರನೆಯ ಸಂಜೆ ನಿಜಾಮರು ಸೋಲೊಪ್ಪಿದರು. ಐದು ದಿನದಲ್ಲಿ ಒಂದು ದೇಶ ಇಲ್ಲವಾಯಿತು. ಗಜೇಂದ್ರಗಡದಲ್ಲಿ ಡೊಳ್ಳು ಬಡಿದರು. ಓಡಿ ಬಂದವರು ಗಂಟು ಕಟ್ಟಿದರು. ಇಲ್ಲಿಯವರೆಗಿನ ಕಥೆಯನ್ನು ಸೆಪ್ಟೆಂಬರ್ 17ರ ವಿಮೋಚನಾ ದಿನಾಚರಣೆಯಲ್ಲಿ ನಾನು ವೇದಿಕೆಯ ಮೇಲೆ ಎಷ್ಟೋ ಸಲ ಹೇಳಿದ್ದೇನೆ. ಮುಂದಿನದನ್ನು ಹೇಳಿಲ್ಲ.

ದೀಪಾವಳಿ ಕಳೆದು ಮೂರು ತಿಂಗಳ ಕೂಸಿನೊಡನೆ ಅಮ್ಮ ಹಿಂದಿರುಗಿದಳು. ನಾಕಾದಲ್ಲಿ ಯಾರೂ ಇರಲಿಲ್ಲ. ಅಣ್ಣನೇ ಚಕ್ಕಡಿ ಹೊಡೆದ. ತವರಿನವರು ಪಿಂಜಾರನ ಹೆಂಡತಿಗೆಂದು ಒಂದು ಸೀರೆ, ಕುಬಸ ಕೊಟ್ಟಿದ್ದರು. ಕೂಸಿಗೆ ಆರತಿಯಾದ ಮೇಲೆ ಅಮ್ಮ ಆ ಸೀರೆ ಹಿಡಿದುಕೊಂಡು ಮಗ್ಗುಲ ಮನೆಗೆ ಹೋದಳು. ಮನೆಗೆ ಬಾಗಿಲಿರಲಿಲ್ಲ. ಚೌಕಟ್ಟೂ ಇರಲಿಲ್ಲ. ಮಾಳಿಗೆಯ ತೊಲೆ ತೆಗೆದಿದ್ದರು. ಒಳಗೆ ನಮ್ಮ ಮನೆಯ ಎತ್ತು ಕಟ್ಟಿದ್ದರು.

ಎಲ್ಲಿ ಹೋದರೆಂದು ಕೇಳಿದಳು. "ಹೋದ್ರು" ಎಂದರು ಮಾವನವರು. ಅತ್ತೆ ಒಲೆಯ ಕಡೆ ತಿರುಗಿದರು. ಮುತ್ಯಾ ಹೊಲಕ್ಕೆ ಹೊರಟರು. ಓಡಿಹೋದರೋ, ಓಡಿಸಿದರೋ, ಅದಕ್ಕಿಂತ ಕೆಟ್ಟದ್ದೇನಾದರೂ ಆಯಿತೋ, ಅಮ್ಮನಿಗೆ ಸಾಯುವವರೆಗೆ ಯಾರೂ ಹೇಳಲಿಲ್ಲ.

ಆ ತಿಂಗಳುಗಳಲ್ಲಿ ಏನಾಯಿತೆಂಬುದನ್ನು ನೋಡಿ ಬರಲು ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿದ್ದರು. 1948ರ ಕೊನೆಯಲ್ಲಿ ಅವರು ಜಿಲ್ಲೆಗಳನ್ನು ತಿರುಗಿದರು. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಆಮೇಲೆ ಇಡೀ ರಾಜ್ಯದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂಬುದು ಅವರ ಅಂದಾಜು. ಹೆಚ್ಚಿನವರು ಮುಸಲ್ಮಾನರು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರ ಸೇರಿವೆ. ಮುಸಲ್ಮಾನರನ್ನು ಕಾಪಾಡಿದ ಹಿಂದೂ ನೆರೆಯವರ ಸಂಗತಿಯೂ ವರದಿಯಲ್ಲಿದೆ. ಆ ವರದಿ ಅರವತ್ತು ವರ್ಷ ಮುಚ್ಚಿದ ಕಡತದಲ್ಲಿತ್ತು. 2013ರ ಸುಮಾರಿಗೆ ಜನರ ಕಣ್ಣಿಗೆ ಬಿತ್ತು. ನಾನು ಓದಿದಾಗ ಅಮ್ಮ ತೀರಿ ವರ್ಷಗಳಾಗಿದ್ದವು. ರಜಾಕಾರರು ಮಾಡಿದ್ದು ಸುಳ್ಳಲ್ಲ, ಸುಟ್ಟ ಮನೆ ಸುಳ್ಳಲ್ಲ. ಆದರೆ ಗಾದಿಯೊಳಗೆ ನಮ್ಮ ಬಂಗಾರ ಹೊಲಿದವನು ರಜಾಕಾರನಾಗಿರಲಿಲ್ಲ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಮ್ಮ ಹದಿನೆಂಟರ ಸೊಸೆ. ಮಾವನ ಎದುರು ನಿಂತು ಮಾತಾಡುವ ಕಾಲವಲ್ಲ. ಅವಳು ಮಾಡಿದ್ದು ಇಷ್ಟೇ. "ಆ ಜಾಗಾದಾಗ ನಾ ಸಗಣಿ ಬಳಿಯೂದಿಲ್ಲ" ಎಂದು ಅತ್ತೆಗೆ ಹೇಳಿದಳು. ಬೈದರು, ತವರಿಗೆ ಕಳಿಸುತ್ತೇವೆಂದರು. ಅವಳು ಮನೆಯ ಉಳಿದ ಎಲ್ಲ ಕೆಲಸ ಮಾಡಿದಳು, ಗೋಡೆಯ ಆ ಕಡೆ ಕಾಲಿಡಲಿಲ್ಲ. ವರ್ಷ ಕಳೆಯುವುದರೊಳಗೆ ಎತ್ತು ಹಿತ್ತಲಿಗೆ ಬಂದವು. ಆಮೇಲೆ ಆ ಜಾಗದಲ್ಲಿ ಯಾರೂ ಏನೂ ಕಟ್ಟಲಿಲ್ಲ. ಗೋಡೆ ಬಿದ್ದು ಮಣ್ಣಾಗಿ, ಅದರ ಮೇಲೆ ಬೇವು ಹುಟ್ಟಿತು. ಆ ಗಾದಿಯ ಮೇಲೆ ಅಮ್ಮ ಕೊನೆಯವರೆಗೆ ಮಲಗಿದಳು. ಅರಳೆ ಗಂಟುಗಂಟಾಗಿತ್ತು. ಹಿಂಜಿಸಿ ಕೊಡುತ್ತೇವೆಂದರೆ ಕೊಡುತ್ತಿರಲಿಲ್ಲ. "ಹಿಂಜುವವ್ರು ಬರಲಿ" ಎನ್ನುತ್ತಿದ್ದಳು. ತವರಿನಿಂದ ತಂದ ಆ ಸೀರೆಯೂ ಮಡಿಕೆ ಬಿಚ್ಚದೆ ಪೆಟ್ಟಿಗೆಯ ತಳದಲ್ಲೇ ಇತ್ತು.

ಗಡಿ ಮುಂದೆ ನಿಧಾನವಾಗಿ ಅಳಿಯಿತು. ಹಾಲಿ ರೂಪಾಯಿ ಐವತ್ತರ ದಶಕದಲ್ಲಿ ಇಲ್ಲವಾಯಿತು. 1952ರ ಮೊದಲ ಚುನಾವಣೆಯಲ್ಲಿ ಶಿಬಿರದ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಅಮ್ಮ ಮೊದಲ ಮತ ಹಾಕಿದ್ದು ಆಗ. 1953ರಲ್ಲಿ ಅಣೆಕಟ್ಟಿನ ನೀರು ಕಾಲುವೆಗೆ ಬಿದ್ದು ಮುಂದೆ ಗಂಗಾವತಿ ಭತ್ತದ ಕಣಜವಾಯಿತು. 1956ರ ನವೆಂಬರ್ 1ರಂದು ಮುಂಬಯಿಯ, ಮದ್ರಾಸಿನ, ಹೈದರಾಬಾದಿನ ಕನ್ನಡದ ಜನ ಒಂದೇ ರಾಜ್ಯದವರಾದರು. ಹಳ್ಳದ ಎರಡೂ ದಂಡೆ ಮೈಸೂರು ರಾಜ್ಯವಾಯಿತು. 1997ರಲ್ಲಿ ರಾಯಚೂರಿನಿಂದ ಕೊಪ್ಪಳ, ಧಾರವಾಡದಿಂದ ಗದಗ ಬೇರೆಯಾದವು. ಜಿಲ್ಲೆಗಳು ಹೊಸವು, ನಡುವಿನ ಗೆರೆ ಮಾತ್ರ ಹಳೆಯದೇ.

ಪೂರ್ತಿ ಅಳಿಯಿತೆಂದು ಹೇಳಲಾರೆ. ಗದಗಿನ ಬಸ್ಸು ವಾಯವ್ಯ ಸಾರಿಗೆಯದು, ಕೊಪ್ಪಳದ ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ನೆಯ ವಿಧಿಗೆ ಜೆ ಎಂಬ ಭಾಗ ಸೇರಿ, 2013ರಿಂದ ನಮ್ಮ ಸೀಮೆಯ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂತು. ನಿಜಾಮರ ಕಾಲದಿಂದ ಶಾಲೆ, ರಸ್ತೆ, ಆಸ್ಪತ್ರೆಗಳಲ್ಲಿ ಹಿಂದುಳಿದದ್ದಕ್ಕೆ ಕೊಟ್ಟ ಪರಿಹಾರ ಅದು. ನಮ್ಮ ಗೆಳೆಯರಾದ ಬಳ್ಳಾರಿಯವರೂ ಅದರೊಳಗೆ ಇದ್ದಾರೆ. 2019ರಲ್ಲಿ ಸೀಮೆಯ ಹೆಸರು ಕಲ್ಯಾಣ ಕರ್ನಾಟಕವಾಯಿತು. ಹುಡುಗಿಯರು ಪ್ರಮಾಣಪತ್ರಕ್ಕಾಗಿ ತಹಸೀಲ್ದಾರ ಕಚೇರಿಯಲ್ಲಿ ಸಾಲು ನಿಂತಾಗ, ಅಜ್ಜ ಯಾವ ಊರಿನವನು, ಹಳ್ಳದ ಈಚೆಯವನೋ ಆಚೆಯವನೋ ಎಂಬುದು ಮತ್ತೆ ಲೆಕ್ಕಕ್ಕೆ ಬರುತ್ತದೆ.

ಇಷ್ಟು ವರ್ಷ ಬರೆಯದೆ ಇದ್ದದ್ದನ್ನು ಈಗ ಬರೆಯಲು ಒಂದು ಕಾರಣವಿದೆ. ಊರುಗಳಲ್ಲಿ ಖಾಲಿ ಜಾಗಕ್ಕೂ ಈಗ ಬೆಲೆ ಬಂದಿದೆ. ಮಗ್ಗುಲ ಬೇವಿನ ಜಾಗವನ್ನು ಮನೆತನದ ಹೆಸರಿಗೆ ಮಾಡಿಸಬೇಕೆಂದು ನನ್ನ ಸೋದರಮಾವ ಕಾಗದ ತಯಾರು ಮಾಡಿಸಿದ. ಹೆಣ್ಣುಮಕ್ಕಳಿಗೂ ಪಾಲಿನ ಹಕ್ಕು ಬಂದಮೇಲೆ ಅವರ ಸಹಿಯೂ ಬೇಕು. ಹೋದ ದೀಪಾವಳಿಗೆ ಅವ್ವನನ್ನು ಕರೆದುಕೊಂಡು ಹೋದಾಗ ಊಟವಾದ ಮೇಲೆ ಕಾಗದವನ್ನೂ ಪೆನ್ನನ್ನೂ ಅವಳ ಮುಂದಿಟ್ಟ. ಅವ್ವ ಕನ್ನಡಕ ಹಾಕಿಕೊಂಡು, ನಿಧಾನವಾಗಿ ಪೂರ್ತಿ ಓದಿದಳು. ವಂಶಪಾರಂಪರ್ಯವಾಗಿ ನಮ್ಮ ಅನುಭೋಗದಲ್ಲಿರುವ ಜಾಗ ಎಂದು ಬರೆದಿತ್ತು.

"ತಮ್ಮಾ, ಈ ಜಾಗಾ ಯಾರದು?" ಎಂದು ಕೇಳಿದಳು.

"ಅಕ್ಕಾ, ಎಪ್ಪತ್ತೈದು ವರ್ಷದ ಮ್ಯಾಲಾತು. ಈಗ ಅದನ್ನ ಯಾರು ಕೇಳ್ತಾರ?"

"ನಾ ಕೇಳಾಕತ್ತೀನಲ್ಲ."

ಮಾವ ಮಾತಾಡಲಿಲ್ಲ. ಸೊಸೆಯಂದಿರು ಬಾಗಿಲಲ್ಲಿ ನಿಂತು ನೋಡಿದರು. ಅವ್ವ ಪೆನ್ನಿನ ಮುಚ್ಚಳ ಹಾಕಿ ಕಾಗದದ ಮೇಲಿಟ್ಟಳು. "ನಾ ಹುಟ್ಟೂಕಿಂತ ಮೊದಲ ನನ್ನ ಹಳ್ಳ ದಾಟಿಸಿದವ್ರ ಮನಿ ಅದು. ಸಹಿ ನಾ ಹೆಂಗ ಮಾಡ್ಲಿ?" ಎಂದಳು. ಬರುವಾಗ ಮಾವ ಬಸ್ ಸ್ಟ್ಯಾಂಡಿನವರೆಗೂ ಬಂದು ಕಳಿಸಿದ, ಆದರೆ ಮೊದಲಿನಂತೆ ನಗಲಿಲ್ಲ. ಕಾಗದ ಇನ್ನೂ ಹಾಗೆಯೇ ಇದೆ. ಅಕ್ಕ ತಮ್ಮಂದಿರ ನಡುವೆ ಫೋನು ಕಡಿಮೆಯಾಗಿದೆ. ಅವ್ವನಿಗೆ ಅದರ ದುಃಖವಿದೆ, ಸಹಿ ಮಾಡುವ ಮನಸ್ಸು ಮಾತ್ರ ಇಲ್ಲ.

ನಿಮ್ಮ ಊರಿನಲ್ಲಿಯೂ ಯಾರೂ ಏನೂ ಕಟ್ಟದ ಒಂದು ಜಾಗ ಇದ್ದೀತು. ಕುಷ್ಟಗಿಯಲ್ಲಿ, ಗಂಗಾವತಿಯಲ್ಲಿ, ಕೊಪ್ಪಳದ ಹಳ್ಳಿಗಳಲ್ಲಿ ತೊಂಬತ್ತು ದಾಟಿದ ಅಮ್ಮಂದಿರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ರಜಾಕಾರರ ಹಾವಳಿಯ ಕಥೆಯನ್ನು ಅವರು ತಾವಾಗಿಯೇ ಹೇಳುತ್ತಾರೆ. ಅದನ್ನು ಪೂರ್ತಿ ಕೇಳಿ. ಆಮೇಲೆ, ಮಗ್ಗುಲ ಮನೆಯಲ್ಲಿ ಆಗ ಯಾರಿದ್ದರು ಎಂದೂ ಒಂದು ಮಾತು ಕೇಳಿ.